ಓದುವ ಕೋಣೆಗೆ ಹಾಡು, ಇತಿಹಾಸ: ಸಮುದಾಯ ಗ್ರಂಥಾಲಯಕ್ಕೆ ಕಲಾವಿದರನ್ನು ಗೊತ್ತುಮಾಡುವ ಸಮಗ್ರ ಮಾರ್ಗದರ್ಶಿ

ಕಾರ್ಯಕ್ರಮಕ್ಕೆ ಇನ್ನು ಇಪ್ಪತ್ತು ನಿಮಿಷ ಇದೆ ಎನ್ನುವಾಗ ಗಿಟಾರ್ ವಾದಕರು ಹತ್ತಿರ ಬಂದು, "ಕೈ ಇಲ್ಲದ ಕುರ್ಚಿ ಒಂದು ಇದ್ದರೆ ಕೊಡ್ತೀರಾ?" ಎಂದು ಕೇಳಿದರು. ನಮ್ಮಲ್ಲಿ ಅರವತ್ತಕ್ಕೂ ಹೆಚ್ಚು ಕುರ್ಚಿಗಳಿದ್ದವು. ಒಂದೊಂದಕ್ಕೂ ಎರಡೆರಡು ಕೈ. ಅಂಥ ಕುರ್ಚಿಯಲ್ಲಿ ಕೂತರೆ ಗಿಟಾರು ತೊಡೆಯ ಮೇಲೆ ಸರಿಯಾಗಿ ಕೂರುವುದಿಲ್ಲ, ಮೊಣಕೈ ತಾಗುತ್ತದೆ. ಕೊನೆಗೆ ಮೇಲಿನ ಕಪಾಟಿನ ಪುಸ್ತಕ ತೆಗೆಯಲು ಇಟ್ಟಿದ್ದ ಸ್ಟೂಲಿನ ಮೇಲೆ ಕೂತು ಅವರು ಒಂದು ಗಂಟೆ ನುಡಿಸಿದರು. ಬಂದವರಿಗೆ ಏನೂ ಗೊತ್ತಾಗಲಿಲ್ಲ, ಖುಷಿಯಿಂದಲೇ ಹೋದರು. ನನಗೆ ಮಾತ್ರ ಒಂದು ಸ್ವರವೂ ಕಿವಿಗೆ ಬೀಳಲಿಲ್ಲ. ಆ ಸ್ಟೂಲಿನ ಅಲ್ಲಾಡುವ ಕಾಲನ್ನೇ ನೋಡುತ್ತ ನಿಂತಿದ್ದೆ.

ಮೂರು ತಿಂಗಳು ಮೊದಲು ಫೋನಿನಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಅಲ್ಲಿಂದಾಚೆ ಗ್ರಂಥಾಲಯಕ್ಕೆ ಹಾಡುವವರನ್ನು, ವಾದ್ಯದವರನ್ನು, ಇತಿಹಾಸದ ಪಾತ್ರ ಕಟ್ಟಿ ಮಾತಾಡುವವರನ್ನು ಕರೆಸುತ್ತ ಬಂದಿದ್ದೇನೆ. ಆದ ಎಡವಟ್ಟುಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ: ನಾವು ಗ್ರಂಥಾಲಯವನ್ನು ಚಿಕ್ಕ ಸಭಾಂಗಣ ಎಂದುಕೊಂಡಿದ್ದೆವು. ಸಭಾಂಗಣದಲ್ಲಿ ವೇದಿಕೆ ಇದೆ, ಕತ್ತಲೆ ಇದೆ, ಕಲಾವಿದರಿಗೂ ಕೇಳುವವರಿಗೂ ನಡುವೆ ದೂರ ಇದೆ. ಗ್ರಂಥಾಲಯದಲ್ಲಿ ಇದು ಯಾವುದೂ ಇಲ್ಲ. ಮೊದಲ ಸಾಲಿನವರಿಗೆ ತಂತಿ ಮೀಟುವ ಬೆರಳು ಕಾಣುತ್ತದೆ, ಪಾತ್ರಧಾರಿಯ ಕಣ್ಣು ನೇರ ತಮ್ಮ ಕಣ್ಣಿಗೆ ತಾಗುತ್ತದೆ. ಈ ಹತ್ತಿರವನ್ನು ಕೊರತೆ ಎಂದುಕೊಂಡರೆ ದೊಡ್ಡ ಸ್ಪೀಕರ್ ತರಿಸಿ ಮುಚ್ಚಲು ಹೋಗುತ್ತೀರಿ. ಆಸ್ತಿ ಎಂದುಕೊಂಡರೆ ಕಲಾವಿದರ ಆಯ್ಕೆಯಿಂದ ಕುರ್ಚಿ ಹಾಕುವ ರೀತಿಯವರೆಗೆ ಎಲ್ಲವೂ ಬದಲಾಗುತ್ತದೆ.

1. ಯಾರಿಗಾಗಿ, ಏನನ್ನು?

"ಒಂದು ಸಂಗೀತ ಕಾರ್ಯಕ್ರಮ ಇಡೋಣ" ಎನ್ನುವುದು ಇನ್ನೂ ಯೋಜನೆಯಲ್ಲ, ಆಸೆ. ಒಂದೇ ವಾಕ್ಯ ಬರೆದುಕೊಳ್ಳಿ: ಯಾರು ಬರಬೇಕು, ಬಂದವರು ಏನನ್ನು ಹೊತ್ತುಕೊಂಡು ಮನೆಗೆ ಹೋಗಬೇಕು. ಸಂಜೆ ಬರುವ ಹಿರಿಯ ಓದುಗರಿಗೆ ಹಿಡಿಸುವುದು ರಜೆಯ ಬೆಳಗ್ಗೆ ಬರುವ ಮಕ್ಕಳಿಗೆ ಹಿಡಿಸುವುದಿಲ್ಲ. ಎಲ್ಲರಿಗೂ ಎಂದು ಮಾಡಿದ್ದು ಸಾಮಾನ್ಯವಾಗಿ ಯಾರಿಗೂ ಆಗುವುದಿಲ್ಲ.

ಗ್ರಂಥಾಲಯಕ್ಕೆ ಚೆನ್ನಾಗಿ ಹೊಂದುವ ಬಗೆಗಳು ನನ್ನ ಅನುಭವದಲ್ಲಿ ಮೂರು. ಒಂದು, ವಾದ್ಯ ತೋರಿಸಿ, ಬಿಚ್ಚಿ ಹೇಳಿ, ನುಡಿಸುವ ಕಾರ್ಯಕ್ರಮ. ಇನ್ನೊಂದು, ಹಾಡಿನ ಜೊತೆಗೆ ಆ ಹಾಡಿನ ಚರಿತ್ರೆ. ಮೂರನೆಯದು, ಚರಿತ್ರೆಯ ಒಬ್ಬ ವ್ಯಕ್ತಿಯಾಗಿ ನಿಂತು ಮಾತಾಡುವ ಏಕವ್ಯಕ್ತಿ ಪ್ರಯೋಗ. ಬರೀ ಕಛೇರಿ ಬೇಡ ಎಂದಲ್ಲ. ಆದರೆ ಅದಕ್ಕೆ ಇದಕ್ಕಿಂತ ಒಳ್ಳೆಯ ಜಾಗಗಳಿವೆ.

ಎರಡನೆಯ ಬಗೆಗೆ ಒಂದು ಉದಾಹರಣೆ. ಹತ್ತು ಇಂಚಿನ ಹಳೆಯ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದವರೂ ಆ ಮೂರು ನಿಮಿಷಕ್ಕೆ ತಮ್ಮ ಕಲೆಯನ್ನು ಮಡಚಬೇಕಾಯಿತು. ಗಾಯಕರೊಬ್ಬರು ಇದನ್ನು ಹೇಳಿ, ಒಂದೇ ಹಾಡನ್ನು ಮೊದಲು ಬಿಡುಬೀಸಾಗಿ, ಆಮೇಲೆ ಗಡಿಯಾರ ಇಟ್ಟುಕೊಂಡು ಮೂರು ನಿಮಿಷದಲ್ಲಿ ಹಾಡಿ ತೋರಿಸಿದರೆ ಅದು ಸಂಗೀತವೂ ಹೌದು, ಇತಿಹಾಸವೂ ಹೌದು. 1906ರಲ್ಲಿ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಫೋನೋಗ್ರಾಫ್ ಎಂಬ ದನಿ ದಾಖಲಿಸುವ ಯಂತ್ರ ಹೊತ್ತು ಹಂಗೇರಿಯ ಹಳ್ಳಿಗಳಲ್ಲಿ ರೈತರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ದಾಖಲಿಸಿಕೊಂಡದ್ದು ಇಂಥದ್ದೇ ಇನ್ನೊಂದು ಕಥೆ. ಸಂಗ್ರಹಿಸಿದ ಹಾಡು, ಸಂಗ್ರಹಿಸಿದ ಕ್ರಮ, ಅದರ ಮೇಲೆ ಬರೆದ ಪುಸ್ತಕ, ಮೂರೂ ಒಂದೇ ಮೇಜಿನ ಮೇಲೆ ಬರುತ್ತವೆ.

"ಪುಸ್ತಕಕ್ಕೆ ಇರುವ ಹಣ ಹಾಡಿಗೆ ಯಾಕೆ?" ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿಟ್ಟಾಗಬೇಡಿ, ನ್ಯಾಯವಾದ ಪ್ರಶ್ನೆ. ಸಾರ್ವಜನಿಕ ಗ್ರಂಥಾಲಯಗಳ ಕುರಿತ ಯುನೆಸ್ಕೋ ಪ್ರಣಾಳಿಕೆಯ 1994ರ ಪಠ್ಯ, ಎಲ್ಲ ಪ್ರದರ್ಶನ ಕಲೆಗಳನ್ನು ಜನರಿಗೆ ಎಟುಕಿಸುವುದನ್ನೂ ಗ್ರಂಥಾಲಯದ ಕೆಲಸಗಳಲ್ಲಿ ಸೇರಿಸಿದೆ. ಆ ಸಾಲನ್ನು ಅಚ್ಚುಹಾಕಿ ಕಡತದಲ್ಲಿ ಇಟ್ಟುಕೊಂಡಿರಿ.

2. ಕೋಣೆಯನ್ನು ನೋಡಿ, ಕೋಣೆಯನ್ನು ಕೇಳಿ

ಕಲಾವಿದರನ್ನು ಹುಡುಕುವ ಮುಂಚೆ ಈ ಕೆಲಸ. ಟೇಪು ಹಿಡಿದು ಅಳೆಯಿರಿ. ಕುರ್ಚಿ, ನಡುವಿನ ದಾರಿ ಎಲ್ಲ ಸೇರಿ ತಲೆಗೆ ಒಂದು ಚದರ ಮೀಟರ್ ಎಂದು ನಾನು ಲೆಕ್ಕ ಹಾಕುತ್ತೇನೆ. ಕಲಾವಿದರಿಗೆ ಬೇರೆ ಜಾಗ. ಆದರೆ ಅಗ್ನಿಸುರಕ್ಷೆಯ ನಿಯಮ ನಿಮ್ಮ ಕೋಣೆಗೆ ಇಷ್ಟೇ ಜನ ಎಂದಿದ್ದರೆ ಅದೇ ಕೊನೆಯ ಮಾತು. ತುರ್ತು ಬಾಗಿಲಿನ ಮುಂದೆ "ಒಂದೇ ಒಂದು ಕುರ್ಚಿ" ಎಂದು ಯಾರು ಅಂಗಲಾಚಿದರೂ ಹಾಕಕೂಡದು. ಗಾಲಿಕುರ್ಚಿಯವರಿಗೆ ದಾರಿ, ಮತ್ತು ಸಾಲಿನ ನಡುವೆಯೇ ಅವರಿಗೊಂದು ಜಾಗ ಬಿಡಿ. ಎಲ್ಲರನ್ನೂ ಹಿಂದಿನ ಮೂಲೆಗೆ ತಳ್ಳಬೇಡಿ.

ಪ್ಲಗ್ ಪಾಯಿಂಟ್ ಎಲ್ಲೆಲ್ಲಿವೆ, ಅವುಗಳಲ್ಲಿ ಕರೆಂಟ್ ಬರುವುದು ಯಾವುದರಲ್ಲಿ, ಎಂಬುದನ್ನು ಒಂದು ನಕ್ಷೆ ಮಾಡಿ ಗುರುತಿಸಿ. ಆಮೇಲೆ ಕಾರ್ಯಕ್ರಮ ಇಡಬೇಕೆಂದಿರುವ ವಾರದ ದಿನ, ಅದೇ ಹೊತ್ತಿಗೆ, ಕೋಣೆಯ ನಡುವೆ ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಏನು ಕೇಳುತ್ತದೆ? ಏಸಿಯ ಗೊರಗೊರ, ಟ್ಯೂಬ್‌ಲೈಟಿನ ಗುಂಯ್, ಕೌಂಟರಿನ ಸ್ಕ್ಯಾನರ್ ಪ್ರತಿ ಪುಸ್ತಕಕ್ಕೂ ಹಾಕುವ ಬೀಪ್, ಪಕ್ಕದ ಮಕ್ಕಳ ಕೋಣೆಯ ಗಲಾಟೆ. ದಿನಾ ಅಲ್ಲೇ ಇರುವ ನಮ್ಮ ಕಿವಿಗೆ ಇವು ಬೀಳುವುದನ್ನೇ ಬಿಟ್ಟಿರುತ್ತವೆ. ಕೊಳಲಿನವರು ಉಸಿರು ಎಳೆದುಕೊಳ್ಳುವ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ.

ದನಿಯ ವಿಷಯದಲ್ಲಿ ಗ್ರಂಥಾಲಯಕ್ಕೆ ಒಂದು ಅದೃಷ್ಟ ಇದೆ. 1895ರಲ್ಲಿ ಹಾರ್ವರ್ಡ್‌ನ ಫಾಗ್ ವಸ್ತುಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಮಾತು ಅರ್ಥವಾಗುವುದಿಲ್ಲ ಎಂಬ ದೂರು ಬಂತು. ಸರಿಪಡಿಸುವ ಕೆಲಸ ವ್ಯಾಲೇಸ್ ಸೇಬಿನ್ ಎಂಬ ಯುವ ಭೌತವಿಜ್ಞಾನಿಯ ಕೊರಳಿಗೆ ಬಿತ್ತು. ಆತ ಪಕ್ಕದ ರಂಗಮಂದಿರದಿಂದ ಆಸನದ ದಿಂಬುಗಳನ್ನು ಹೊರಿಸಿ ತಂದು, ರಾತ್ರಿ ಊರು ಮಲಗಿದ ಮೇಲೆ ಆರ್ಗನ್ ಕೊಳವೆ ಊದಿಸಿ, ದನಿ ಅಡಗಲು ಎಷ್ಟು ಸೆಕೆಂಡು ಎಂದು ಅಳೆದ. ಖಾಲಿ ಕೋಣೆಯಲ್ಲಿ ಐದು ಸೆಕೆಂಡಿಗೂ ಮೇಲೆ ಉಳಿಯುತ್ತಿದ್ದ ದನಿ ದಿಂಬು ಹೆಚ್ಚಿದಷ್ಟೂ ಬೇಗ ಆರಿತು. ಕಟ್ಟಡದ ಧ್ವನಿವಿಜ್ಞಾನ ಅಲ್ಲಿಂದ ಬೆಳೆಯಿತು. ನಮಗೆ ದಿಂಬು ಹೊರುವ ಕಷ್ಟ ಇಲ್ಲ. ತುಂಬಿದ ಕಪಾಟುಗಳು, ಸಮನಲ್ಲದ ಪುಸ್ತಕದ ಬೆನ್ನುಗಳು, ಕೂತ ಜನ, ಎಲ್ಲವೂ ದನಿಯನ್ನು ಹೀರುತ್ತವೆ, ಚದುರಿಸುತ್ತವೆ. ಆದ್ದರಿಂದ ಕಲಾವಿದರನ್ನು ಗಾಜಿನ ಗೋಡೆಯ ಎದುರಿಗೆ ನಿಲ್ಲಿಸಬೇಡಿ. ಅವರ ಬೆನ್ನಿಗೆ ಗಟ್ಟಿ ಗೋಡೆ, ಕೇಳುವವರ ಬೆನ್ನಿಗೆ ಕಪಾಟು ಬರುವ ಹಾಗೆ ಕುರ್ಚಿ ಹಾಕಿ ನೋಡಿ.

ಇನ್ನೊಂದು ಲೆಕ್ಕ. ಬಯಲಿನಲ್ಲಿ ದೂರ ಎರಡರಷ್ಟಾದರೆ ದನಿ ಆರು ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳು ಅಷ್ಟಿಷ್ಟು ಹಿಂದಿರುಗಿಸುವುದರಿಂದ ಇಳಿತ ಅಷ್ಟಿರುವುದಿಲ್ಲ, ಆದರೂ ಉದ್ದನೆಯ ಕೋಣೆಯ ಕೊನೆಯ ಸಾಲು ಸೊರಗುತ್ತದೆ. ಹೀಗಾಗಿ ಉದ್ದಕ್ಕೆ ಎಂಟು ಸಾಲು ಹಾಕುವ ಬದಲು ಅಗಲಕ್ಕೆ, ಅರ್ಧ ಬಳೆಯ ಆಕಾರದಲ್ಲಿ ನಾಲ್ಕು ಸಾಲು ಹಾಕಿ. ನಲವತ್ತು ಜನರ ತನಕ ಎಷ್ಟೋ ವಾದ್ಯಗಳಿಗೆ ಮೈಕೇ ಬೇಡ. ಮಾತಿಗೆ ಮಾತ್ರ ಮೈಕ್ ಇಡಿ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಎನ್ನುವ ಕಲಾವಿದರಿಗೆ ಕಿವಿ ಮಂದ ಇರುವವರ ನೆನಪಿರುವುದಿಲ್ಲ. ನಿಮಗಿರಬೇಕು. ದನಿಯನ್ನು ನೇರ ಶ್ರವಣಯಂತ್ರಕ್ಕೇ ತಲುಪಿಸುವ ಇಂಡಕ್ಷನ್ ಲೂಪ್ ಎಂಬ ತಂತಿಯ ಸುತ್ತು ನಿಮ್ಮಲ್ಲಿದ್ದರೆ ಅದಕ್ಕೆ ದನಿ ಹೋಗುವುದು ಮೈಕಿನಿಂದಲೇ.

3. ದಿನ, ಹೊತ್ತು

ಮೂರು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಕೈಹಾಕಬೇಡಿ. ಶಾಲಾ ರಜೆಯ ಹೊತ್ತಿಗಾದರೆ ಆರು ತಿಂಗಳು. ಪರೀಕ್ಷೆ, ಹಬ್ಬ, ಅದೇ ದಿನ ಬೇರೆಡೆ ನಡೆಯುವ ದೊಡ್ಡ ಕಾರ್ಯಕ್ರಮ ನೋಡಿಕೊಳ್ಳಿ. ಒಂದು ಗಂಟೆ ಸಾಕು. ನಲವತ್ತೈದು ನಿಮಿಷ ಪ್ರದರ್ಶನ, ಹದಿನೈದು ನಿಮಿಷ ಪ್ರಶ್ನೆ. ಮಕ್ಕಳಾದರೆ ಒಟ್ಟು ನಲವತ್ತು ನಿಮಿಷ ದಾಟಿಸಬೇಡಿ.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ನಮ್ಮಲ್ಲಿ ದಿನಾ ಸಂಜೆ ಕಿಟಕಿ ಪಕ್ಕ ಕೂತು ಪತ್ರಿಕೆ ಓದುವ ಹಿರಿಯರು ನಾಲ್ಕೈದು ಮಂದಿ. ಮೊದಲ ಕಾರ್ಯಕ್ರಮದ ದಿನ ಅವರ ಮೇಜನ್ನೇ ಎತ್ತಿ ಆಚೆ ಇಟ್ಟೆವು, ಒಂದು ಮಾತು ಹೇಳದೆ. ಒಬ್ಬರು ಬಾಗಿಲಲ್ಲೇ ನಿಂತು, "ಇವತ್ತು ಗ್ರಂಥಾಲಯ ರಜೆಯಾ?" ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಒಂದು ವಾರ ಮೊದಲೇ ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತೇವೆ, ಒಳಗಿನ ಕೋಣೆಯಲ್ಲಿ ಮೇಜು ಹಾಕಿಕೊಡುತ್ತೇವೆ, ಮುಂದಿನ ಸಾಲಿನಲ್ಲಿ ಜಾಗ ಕಾದಿರಿಸುತ್ತೇವೆ. ಒಳಗಿನ ಕೋಣೆಗೆ ಹೋಗುವವರು ಈಗ ಒಬ್ಬರೇ.

4. ಕಲಾವಿದರನ್ನು ಹುಡುಕುವುದು

ಮೊದಲು ಬೇರೆ ಗ್ರಂಥಾಲಯಗಳನ್ನು ಕೇಳಿ. "ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವೇ ಬರುತ್ತದೆ. "ಮತ್ತೆ ಕರೆಸುತ್ತೀರಾ?" ಎಂದು ಕೇಳಿ. ಉತ್ತರ ಬರುವ ಮುಂಚಿನ ಮೌನದಲ್ಲಿ ಅರ್ಧ ವಿಷಯ ಇರುತ್ತದೆ. ಹೊತ್ತಿಗೆ ಸರಿಯಾಗಿ ಬಂದರೇ, ಜನ ಕಡಿಮೆ ಇದ್ದಾಗ ಹೇಗೆ ನಡೆದುಕೊಂಡರು, ಮಕ್ಕಳು ನಡುವೆ ಬಾಯಿ ಹಾಕಿದಾಗ ಏನು ಮಾಡಿದರು, ಇವನ್ನು ಬಿಡಿಸಿ ಕೇಳಿ. ಸಂಗೀತ ಶಾಲೆಗಳು, ಇತಿಹಾಸ ವಿಭಾಗಗಳು, ವಸ್ತುಸಂಗ್ರಹಾಲಯಗಳು, ರಂಗತಂಡಗಳು ಆಮೇಲಿನ ದಾರಿ. ನಿಮ್ಮ ಓದುಗರಲ್ಲೇ ಒಬ್ಬರು ಒಳ್ಳೆಯ ಪಿಟೀಲು ವಾದಕರಿರಬಹುದು. ಪುಸ್ತಕ ಎರವಲು ಪಡೆಯುವ ಕೈಗಳ ಬೆರಳತುದಿ ನೋಡಿ ಪತ್ತೆಹಚ್ಚಿದವರೂ ನಮ್ಮಲ್ಲಿದ್ದಾರೆ.

ವಿಡಿಯೋ ನೋಡುವಾಗ ಎಡಿಟ್ ಮಾಡಿದ ಎರಡು ನಿಮಿಷದ ತುಣುಕನ್ನು ನಂಬಬೇಡಿ. ಒಂದೇ ಕ್ಯಾಮೆರಾದಲ್ಲಿ, ಕತ್ತರಿ ಹಾಕದೆ, ಜನರ ಮುಂದೆ ತೆಗೆದ ಹದಿನೈದು ನಿಮಿಷದ ವಿಡಿಯೋ ಕೇಳಿ. ಅದರಲ್ಲಿ ನೋಡಬೇಕಾದ್ದು ಹಾಡಿಗಿಂತ ಹಾಡುಗಳ ನಡುವಿನ ಹೊತ್ತನ್ನು. ತಂತಿ ಶ್ರುತಿ ಮಾಡುತ್ತ ಜನರ ಜೊತೆ ಮಾತಾಡುತ್ತಾರಾ, ಇಲ್ಲ ತಲೆ ತಗ್ಗಿಸಿ ಮೌನವಾಗಿರುತ್ತಾರಾ? ಮಹಾನ್ ಕಲಾವಿದರಲ್ಲಿ ಎಷ್ಟೋ ಜನ ಎರಡನೆಯ ಬಗೆಯವರು. ಅವರನ್ನು ಸಭಾಂಗಣದಲ್ಲಿ ಕೇಳಿ ಬನ್ನಿ. ನಾಲ್ಕು ಮೀಟರ್ ದೂರದಲ್ಲಿ ಕೂತ ಜನರಿಗೆ ಮಾತಾಡುವವರು ಬೇಕು.

5. ಇತಿಹಾಸದ ಪಾತ್ರಧಾರಿಯಾದರೆ

ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಶ್ರುತಿ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ, ಇತಿಹಾಸ ತಪ್ಪಿದರೆ ಗೊತ್ತಾಗುವುದಿಲ್ಲ. ಕೇಳಿದವರು ಅದನ್ನೇ ನಿಜವೆಂದು ಮನೆಗೆ ಒಯ್ಯುತ್ತಾರೆ. ಅದೂ ಗ್ರಂಥಾಲಯದಲ್ಲಿ ಕೇಳಿದ್ದು ಎಂಬ ಮುದ್ರೆಯ ಜೊತೆ.

ವೇಷ ಹಾಕಿ ಹಿಂದಿನ ಬದುಕನ್ನು ತೋರಿಸುವ ಪದ್ಧತಿಗೆ ವಯಸ್ಸಾಗಿದೆ. ಆರ್ಟುರ್ ಹಾಸೆಲಿಯುಸ್ ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದದ್ದು 1891ರಲ್ಲಿ. ಹಳೆಯ ಮನೆಗಳ ಜೊತೆಗೆ ಆ ಉಡುಗೆಯ ಜನರನ್ನೂ ಅಲ್ಲಿ ಕಾಣಬಹುದಿತ್ತು. ಅಮೆರಿಕದಲ್ಲಿ 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಸರೋವರದ ದಡದಲ್ಲಿ ಶುರುವಾದ ಬೇಸಿಗೆ ಶಿಬಿರಗಳ ಹೆಸರಿನಲ್ಲಿ ಇವತ್ತಿಗೂ ಒಂದು ಮಾದರಿ ನಡೆದುಬಂದಿದೆ. ನನಗೆ ಗೊತ್ತಿರುವುದರಲ್ಲಿ ಗ್ರಂಥಾಲಯಕ್ಕೆ ಅತ್ಯುತ್ತಮವಾದದ್ದು ಅದೇ. ಅದರಲ್ಲಿ ಮೂರು ಘಟ್ಟ. ಮೊದಲು ಪಾತ್ರವಾಗಿ ಮಾತು. ಆಮೇಲೆ ಜನರ ಪ್ರಶ್ನೆಗೆ ಪಾತ್ರವಾಗಿಯೇ ಉತ್ತರ. ಕೊನೆಗೆ ಟೊಪ್ಪಿಯನ್ನೋ ಶಾಲನ್ನೋ ತೆಗೆದಿಟ್ಟು, ವಿದ್ವಾಂಸರಾಗಿ ಉತ್ತರ. ಪಾತ್ರ ಸುಳ್ಳು ಹೇಳಬಹುದು, ಮುಚ್ಚಿಡಬಹುದು, ತನ್ನ ಸಾವಿನ ನಂತರದ್ದನ್ನು ತಿಳಿಯದೇ ಇರಬಹುದು. ವಿದ್ವಾಂಸರು ಅದನ್ನೆಲ್ಲ ಬಿಚ್ಚಿಡಬೇಕು. ಈ ಮೂರನೇ ಘಟ್ಟವನ್ನು ಒಪ್ಪದ ಪಾತ್ರಧಾರಿಯನ್ನು ನಾನು ಕರೆಸುವುದಿಲ್ಲ.

ಮಾತುಕತೆಯಲ್ಲಿ ನಾನು ಕೇಳುವ ಪ್ರಶ್ನೆಗಳು ಇಂಥವು. ಈ ಮಾತುಗಳಲ್ಲಿ ಆ ವ್ಯಕ್ತಿಯೇ ಬರೆದದ್ದು ಅಥವಾ ಆಡಿದ್ದು ಎಷ್ಟು, ನೀವು ಕಟ್ಟಿದ್ದು ಎಷ್ಟು? ಯಾವ ಪುಸ್ತಕ, ಪತ್ರ, ದಾಖಲೆ ಓದಿ ಕಟ್ಟಿದಿರಿ? ವಿದ್ವಾಂಸರಲ್ಲೇ ಒಮ್ಮತವಿಲ್ಲದ ಜಾಗ ಯಾವುದು? ಚೆನ್ನಾಗಿ ಓದಿಕೊಂಡವರು ಕೊನೆಯ ಪ್ರಶ್ನೆಗೆ ಕಣ್ಣರಳಿಸಿ ಅರ್ಧ ಗಂಟೆ ಮಾತಾಡುತ್ತಾರೆ. ಓದಿಲ್ಲದವರು "ಹಾಗೇನೂ ಇಲ್ಲ" ಎನ್ನುತ್ತಾರೆ.

ನೋವಿನ ಇತಿಹಾಸದ ವಿಷಯವನ್ನು ಮೊದಲೇ ಮಾತಾಡಿಕೊಳ್ಳಿ. ಬಾಂಜೋ ಎಂಬ ವಾದ್ಯವನ್ನೇ ನೋಡಿ. ಗುಲಾಮರಾಗಿ ಹೊತ್ತೊಯ್ಯಲ್ಪಟ್ಟ ಆಫ್ರಿಕನ್ನರ ವಾದ್ಯ ಪರಂಪರೆಯಿಂದ ಹುಟ್ಟಿದ್ದು ಅದು. ಆ ಮಾತೆತ್ತದೆ ಬರೀ ಉಲ್ಲಾಸದ ವಾದ್ಯ ಎಂದು ಪರಿಚಯಿಸಿದರೆ ಅರ್ಧ ಕಥೆ ನುಂಗಿದ ಹಾಗೆ. ಹೇಳುವಾಗ ಯಾವ ಪದ, ಯಾವ ವಯಸ್ಸಿನವರ ಮುಂದೆ, ಪ್ರಕಟಣೆಯಲ್ಲಿ ಮುನ್ನೆಚ್ಚರಿಕೆಯ ಒಂದು ಸಾಲು ಬೇಕೇ, ಇದನ್ನೆಲ್ಲ ಫೋನಿನಲ್ಲೇ ತೀರ್ಮಾನಿಸಿ. ಮತ್ತೊಂದು: ಕತ್ತಿ, ಬಂದೂಕು, ಅದು ಮರದ್ದೇ ಆಗಿರಲಿ, ಮೊದಲೇ ಹೇಳದೆ ಒಳಗೆ ತರುವಂತಿಲ್ಲ.

6. ಮೊದಲ ಪತ್ರ, ದುಡ್ಡಿನ ಮಾತು

ಮೊದಲ ಪತ್ರದಲ್ಲೇ ಎಲ್ಲ ವಿವರ ಕೊಟ್ಟರೆ ಹತ್ತು ಸಲ ಹೋಗಿಬರುವ ಸಂದೇಶ ಉಳಿಯುತ್ತದೆ. ನಾನು ಬರೆಯುವುದು ಹೆಚ್ಚುಕಡಿಮೆ ಹೀಗೆ:

"ಮಾನ್ಯರೇ, ನಮ್ಮದು ಸಮುದಾಯ ಗ್ರಂಥಾಲಯ. ನಿಮ್ಮ ಕಾರ್ಯಕ್ರಮದ ಬಗ್ಗೆ ಇನ್ನೊಂದು ಗ್ರಂಥಾಲಯದವರಿಂದ ಕೇಳಿ ಬರೆಯುತ್ತಿದ್ದೇನೆ. ಇಂಥ ತಿಂಗಳ ಈ ಮೂರು ದಿನಾಂಕಗಳಲ್ಲಿ ಒಂದು ಸಂಜೆ, ಪ್ರಶ್ನೋತ್ತರ ಸೇರಿ ಒಂದು ಗಂಟೆಯ ಕಾರ್ಯಕ್ರಮ ನಮ್ಮ ಯೋಚನೆ. ನಲವತ್ತೈದು ಜನ ಕೂರುವ ಓದುವ ಕೋಣೆ, ವೇದಿಕೆ ಇಲ್ಲ, ಪ್ರವೇಶ ಉಚಿತ. ಒಂದು ಮೈಕ್, ಒಂದು ಸ್ಪೀಕರ್ ನಮ್ಮಲ್ಲಿದೆ. ನಮ್ಮ ಬಜೆಟ್ ಇಷ್ಟು, ಪ್ರಯಾಣವೂ ಸೇರಿ. ಇದು ನಿಮಗೆ ಹೊಂದುವುದೇ? ಹೊಂದದಿದ್ದರೂ ಒಂದು ಸಾಲು ಬರೆದರೆ ಉಪಕಾರ."

ಬಜೆಟ್ ಹೇಳಬೇಕೋ, ಅವರ ಬಾಯಿಂದ ಬರಲಿ ಎಂದು ಕಾಯಬೇಕೋ? ಹೇಳಿಬಿಡಿ. ನಾವು ಚೌಕಾಸಿಗೆ ಕೂತಿಲ್ಲ, ಅವರ ಹೊತ್ತೂ ನಮ್ಮ ಹೊತ್ತೂ ಉಳಿಯುತ್ತದೆ. "ಸಂಭಾವನೆ ಇಲ್ಲ, ಆದರೆ ಒಳ್ಳೆಯ ಪ್ರಚಾರ ಸಿಗುತ್ತದೆ" ಎಂದು ಮಾತ್ರ ಬರೆಯಬೇಡಿ. ಒಂದು ಗಂಟೆಯ ಕಾರ್ಯಕ್ರಮದ ಹಿಂದೆ ಪ್ರಯಾಣ, ಜೋಡಣೆ, ತಾಲೀಮು ಸೇರಿ ಇಡೀ ದಿನ ಹೋಗಿರುತ್ತದೆ. ಪ್ರಚಾರದಿಂದ ಹೊಸ ತಂತಿ ಕೊಳ್ಳಲಾಗದು.

ಒಟ್ಟು ಖರ್ಚು ಎಂದರೆ ಸಂಭಾವನೆ ಒಂದೇ ಅಲ್ಲ. ಪ್ರಯಾಣ, ವಸತಿ, ಬಾಡಿಗೆ ಸಾಮಾನು, ಪರವಾನಗಿ ಶುಲ್ಕ, ಗ್ರಂಥಾಲಯ ಮುಚ್ಚಿದ ಮೇಲೂ ಉಳಿಯುವ ಸಿಬ್ಬಂದಿಯ ಕೂಲಿ, ಎಲ್ಲ ಬರೆದು ಕೂಡಿಸಿ. ದುಡ್ಡು ಸಾಲದಿದ್ದರೆ ಕಲಾವಿದರ ಪಾಲನ್ನು ಕತ್ತರಿಸುವ ಮುಂಚೆ ಅಕ್ಕಪಕ್ಕದ ಎರಡು ಗ್ರಂಥಾಲಯಗಳ ಜೊತೆ ಮಾತಾಡಿ. ಮೂವರೂ ಸೇರಿ ಒಂದೇ ವಾರದಲ್ಲಿ ಮೂರು ಕಾರ್ಯಕ್ರಮ ಕೊಟ್ಟರೆ ಪ್ರಯಾಣದ ಖರ್ಚು ಮೂರು ಪಾಲಾಗುತ್ತದೆ, ಕಲಾವಿದರಿಗೂ ವಾರದ ಕೆಲಸ ಸಿಗುತ್ತದೆ. ನಾವು ದೂರದವರನ್ನು ಕರೆಸಿದ್ದೆಲ್ಲ ಹೀಗೆಯೇ.

7. ಕರಾರು ಪತ್ರ

ಒಂದು ಪುಟ ಸಾಕು, ಆದರೆ ಇರಲೇಬೇಕು. ದಿನ, ಹೊತ್ತು, ಅವರು ಬಂದು ಸೇರುವ ಹೊತ್ತು, ಪ್ರದರ್ಶನದ ಅವಧಿ, ಸಂಭಾವನೆ, ಅದನ್ನು ಯಾವತ್ತು ಹೇಗೆ ಕೊಡುವುದು, ಯಾರು ಏನೇನು ತರುವುದು. ಇವು ಎಲ್ಲರಿಗೂ ಹೊಳೆಯುತ್ತವೆ. ಹೊಳೆಯದೇ ಜಗಳಕ್ಕೆ ದಾರಿಯಾಗುವುದು ಬೇರೆ ನಾಲ್ಕು. ಅವರು ರದ್ದು ಮಾಡಿದರೆ ಏನು, ನಾವು ರದ್ದು ಮಾಡಿದರೆ ಏನು, ಮಳೆಗಾಳಿಗೆ ದಾರಿ ಮುಚ್ಚಿದರೆ ಏನು ಎಂಬುದು ಒಂದು. ರೆಕಾರ್ಡಿಂಗ್ ಎರಡನೆಯದು: ಫೋಟೋ ಸರಿ, ಇಡೀ ಕಾರ್ಯಕ್ರಮದ ವಿಡಿಯೋ ತೆಗೆದು ಜಾಲತಾಣಕ್ಕೆ ಹಾಕಲು ಬರಹದಲ್ಲಿ ಒಪ್ಪಿಗೆ ಬೇಕು. ಮೂರು, ಅವರು ತಮ್ಮ ಪುಸ್ತಕ, ಧ್ವನಿಮುದ್ರಿಕೆ ಮಾರಬಹುದೇ, ನಿಮ್ಮ ನಿಯಮ ಅದಕ್ಕೆ ಅವಕಾಶ ಕೊಡುತ್ತದೆಯೇ. ನಾಲ್ಕು, ವಾದ್ಯಕ್ಕೆ ಹಾನಿಯಾದರೆ ಹೊಣೆ ಯಾರದು.

ಸಂಭಾವನೆ ಸಾಧ್ಯವಾದರೆ ಅದೇ ದಿನ ಕೈಗೆ ಸೇರಲಿ. ನಿಮ್ಮ ಲೆಕ್ಕವಿಭಾಗ ಒಂದು ತಿಂಗಳು ತೆಗೆದುಕೊಳ್ಳುತ್ತದೆ ಎಂದಾದರೆ ಕರಾರಿನಲ್ಲೇ ಹಾಗೆ ಬರೆಯಿರಿ. ತಡವಾಗುವುದಕ್ಕಿಂತ ಮೊದಲೇ ಹೇಳದಿರುವುದು ಹೆಚ್ಚು ನೋಯಿಸುತ್ತದೆ.

8. ಹಾಡಿನ ಹಕ್ಕು

1847ರಲ್ಲಿ ಪ್ಯಾರಿಸಿನ ಕೆಫೆಯೊಂದರಲ್ಲಿ ಎರ್ನೆಸ್ತ್ ಬೂರ್ಜೆ ಎಂಬ ರಚನಕಾರ ಕುಡಿದ ಪಾನೀಯಕ್ಕೆ ದುಡ್ಡು ಕೊಡುವುದಿಲ್ಲ ಎಂದು ಹಟ ಹಿಡಿದ. ನನ್ನ ರಚನೆಯನ್ನು ನೀವು ಬಿಟ್ಟಿ ನುಡಿಸುತ್ತೀರಿ, ನಿಮ್ಮ ಪಾನೀಯವನ್ನು ನಾನು ಬಿಟ್ಟಿ ಕುಡಿಯುತ್ತೇನೆ ಎಂಬುದು ಅವನ ವಾದ. ನ್ಯಾಯಾಲಯ ಅವನ ಕಡೆ ತೀರ್ಪು ಕೊಟ್ಟಿತು. ಅದರ ಬೆನ್ನಲ್ಲೇ 1851ರಲ್ಲಿ ಫ್ರಾನ್ಸಿನಲ್ಲಿ ಸಾಸೆಮ್ ಎಂಬ ಹಕ್ಕುಸಂಸ್ಥೆ ಹುಟ್ಟಿತು. ಇವತ್ತು ಬಹುತೇಕ ದೇಶಗಳಲ್ಲಿ ಇಂಥ ಸಂಸ್ಥೆಗಳಿವೆ, ಸಾರ್ವಜನಿಕ ಪ್ರದರ್ಶನಕ್ಕೆ ಅವು ಪರವಾನಗಿ ಕೊಡುತ್ತವೆ. ಪ್ರವೇಶ ಉಚಿತ ಎಂದ ಮಾತ್ರಕ್ಕೆ ಪರವಾನಗಿ ಬೇಡ ಎಂದುಕೊಳ್ಳಬೇಡಿ. ಕೆಲವು ಕಾನೂನುಗಳಲ್ಲಿ ವಿನಾಯಿತಿ ಇದೆ, ಕೆಲವದರಲ್ಲಿ ಇಲ್ಲ. ನಿಮ್ಮ ಕಟ್ಟಡಕ್ಕೆ ಈಗಾಗಲೇ ವಾರ್ಷಿಕ ಪರವಾನಗಿ ಇದೆಯೇ ಎಂದು ಮೊದಲು ಕಚೇರಿಯಲ್ಲಿ ವಿಚಾರಿಸಿ.

ಕೃತಿಸ್ವಾಮ್ಯದ ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದ ಬಳಗದಲ್ಲಿ ಹಕ್ಕಿನ ಕನಿಷ್ಠ ಅವಧಿ ಈಗ ರಚನಕಾರರ ಆಯುಷ್ಯ ಮತ್ತು ಆಮೇಲೆ 50 ವರ್ಷ. ಎಷ್ಟೋ ದೇಶಗಳಲ್ಲಿ ಅದು 70. ಹಾಗಾಗಿ "ಹಳೇ ಹಾಡು, ಪರವಾಗಿಲ್ಲ" ಎಂಬ ಮಾತು ಸಾಲದು. ಕಲಾವಿದರಿಂದ ಹಾಡುಗಳ ಪಟ್ಟಿ, ರಚನಕಾರರ ಹೆಸರಿನ ಸಮೇತ, ಎರಡು ವಾರ ಮೊದಲು ತರಿಸಿಕೊಳ್ಳಿ. ಜನಪದ ಹಾಡಾದರೂ ಅದಕ್ಕೆ ಯಾರೋ ಹೊಸದಾಗಿ ಮಾಡಿದ ಸಂಯೋಜನೆಗೆ ಬೇರೆ ಹಕ್ಕಿರುತ್ತದೆ. ಹಿನ್ನೆಲೆಗೆ ಧ್ವನಿಮುದ್ರಿತ ಟ್ರ್ಯಾಕ್ ಹಾಕುತ್ತಾರೆಂದರೆ ಆ ಮುದ್ರಣದ ಹಕ್ಕು ಮತ್ತೊಂದು.

9. ಸಾಮಾನಿನ ಪಟ್ಟಿ

"ನಿಮಗೆ ಏನು ಬೇಕು?" ಎಂದು ಕೇಳಿದರೆ ಸಂಕೋಚದವರು "ಏನೂ ಬೇಡ" ಎನ್ನುತ್ತಾರೆ. ಅದಕ್ಕೆ ನಾವೇ ಪಟ್ಟಿ ಮಾಡಿ ಕಳಿಸುತ್ತೇವೆ, ಅವರು ಗುರುತು ಹಾಕಿದರೆ ಸಾಕು. ಕುರ್ಚಿ ಎಂಥದು, ಎಷ್ಟು ಎತ್ತರ, ಕೈ ಇರಬೇಕೋ ಬೇಡವೋ. ನೆಲದ ಮೇಲೆ ಕೂರುವುದಾದರೆ ಎಷ್ಟು ಉದ್ದಗಲದ ಹಾಸು, ಎಲ್ಲರಿಗೂ ಕಾಣಲು ಎಷ್ಟು ಎತ್ತರದ ಮಣೆ. ಪ್ಲಗ್ ಪಾಯಿಂಟ್ ಎಷ್ಟು. ಮೈಕ್ ಸ್ಟ್ಯಾಂಡ್ ನೆಟ್ಟಗಿನದೋ ಬಗ್ಗುವುದೋ. ವೇಷ ಹಾಕಲು, ಬೀಗ ಹಾಕುವ ಕೋಣೆ. ವಾಹನ ಬಾಗಿಲಿಗೆ ಎಷ್ಟು ಹತ್ತಿರ ಬರಬಹುದು, ಮೆಟ್ಟಿಲೆಷ್ಟು, ಲಿಫ್ಟಿನ ಬಾಗಿಲಗಲ ಎಷ್ಟು. ಚೆಲ್ಲೋ (ನೆಲಕ್ಕೆ ಊರಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ವಾದಕರು ಬರುವುದಾದರೆ ಚೆಲ್ಲೋದ ಬುಡದ ಕಡ್ಡಿಯ ಮೊನೆ ನಿಮ್ಮ ನುಣುಪು ನೆಲದಲ್ಲಿ ಜಾರುತ್ತದೆ, ಒಂದು ಚೂರು ಒರಟು ಚಾಪೆ ಇಟ್ಟಿರಿ.

ಮರದ ವಾದ್ಯಕ್ಕೂ ಚರ್ಮದ ವಾದ್ಯಕ್ಕೂ ಗಾಳಿಯ ತೇವ ಬದಲಾದರೆ ಶ್ರುತಿ ಕದಲುತ್ತದೆ. ಏಸಿಯ ಗಾಳಿ ನೇರ ಬೀಳುವ ಕಡೆ, ಕಿಟಕಿಯ ಬಿಸಿಲು ಹೊಡೆಯುವ ಕಡೆ ಕಲಾವಿದರನ್ನು ಕೂರಿಸಬೇಡಿ. ಒಮ್ಮೆ ಪಿಟೀಲಿನವರು ಪ್ರತಿ ಹಾಡಿನ ಬಳಿಕ ಎರಡು ನಿಮಿಷ ಬಿರಡೆ ತಿರುಗಿಸುತ್ತಿದ್ದರು. ಕಾರಣ ಅವರ ನೆತ್ತಿಯ ಮೇಲಿದ್ದ ಏಸಿ ಎಂದು ಕಾರ್ಯಕ್ರಮ ಮುಗಿದ ಮೇಲೆ ಗೊತ್ತಾಯಿತು. ಗ್ರಂಥಾಲಯದ ಪಿಯಾನೋ ಬಳಸುವುದಾದರೆ ಅದನ್ನು ಸರಿಸುವ ಕೆಲಸ ಮೊದಲು, ಶ್ರುತಿ ಮಾಡಿಸುವುದು ಆಮೇಲೆ. ಉಳಿದ ವಾದ್ಯಗಳು ಅದಕ್ಕೇ ಹೊಂದಿಕೊಳ್ಳಬೇಕಾದ್ದರಿಂದ ಅದು ರೂಢಿಯ ಶ್ರುತಿ ಅಳತೆಯಾದ 440 ಹರ್ಟ್ಸ್‌ಗೆ ಇದೆಯೇ ಎಂಬುದನ್ನು ಕಲಾವಿದರಿಗೆ ತಿಳಿಸಿ.

10. ಪ್ರಚಾರ ಮತ್ತು ಕಪಾಟು

ಪೋಸ್ಟರಿನಲ್ಲಿ "ಅದ್ಭುತ ಸಂಗೀತ ಸಂಜೆ" ಎಂದರೆ ಯಾರೂ ಬರುವುದಿಲ್ಲ. "ಒಂದು ಕೊಳಲನ್ನು ಹೇಗೆ ಕೊರೆಯುತ್ತಾರೆ, ನೋಡಿ, ಕೇಳಿ" ಎಂದರೆ ಬರುತ್ತಾರೆ. ಕಲಾವಿದರ ಹೆಸರಿನ ಅಕ್ಷರಗಳನ್ನು ಅವರಿಗೇ ತೋರಿಸಿ ಸರಿನೋಡಿಸಿ. ಉಚಿತ ಕಾರ್ಯಕ್ರಮಕ್ಕೆ ಹೆಸರು ನೋಂದಾಯಿಸಿದವರೆಲ್ಲ ಬರುವುದಿಲ್ಲ, ಆದ್ದರಿಂದ ಕಾಯುವವರ ಪಟ್ಟಿ ಇಡಿ, ಹಿಂದಿನ ದಿನ ನೆನಪಿನ ಸಂದೇಶ ಕಳಿಸಿ.

ಪ್ರಚಾರಕ್ಕಿಂತ ನನಗೆ ಹೆಚ್ಚು ಇಷ್ಟದ ಕೆಲಸ ಪುಸ್ತಕದ ಮೇಜು. ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಹಾಡು ಕೇಳಿ ಬಿಸಿಯಾಗಿರುವ ಜನ ಬಾಗಿಲ ಕಡೆ ಹೊರಟಾಗ ದಾರಿಯಲ್ಲೇ ಆ ಪುಸ್ತಕಗಳು ಕಾಣಬೇಕು. ಯಾವ್ಯಾವ ಪುಸ್ತಕ ಎಂದು ಕಲಾವಿದರನ್ನೇ ಕೇಳಿ. ಅವರು ಹೇಳಿದ್ದರಲ್ಲಿ ಎರಡಾದರೂ ನಿಮ್ಮಲ್ಲಿರುವುದಿಲ್ಲ, ತರಿಸಿಕೊಳ್ಳಲು ಅದೊಂದು ನೆವ. ಕಾರ್ಯಕ್ರಮದ ನಡುವೆ ಅವರು ಒಂದು ಪುಸ್ತಕ ಎತ್ತಿಹಿಡಿದು "ಇದು ನನಗೆ ಸಿಕ್ಕಿದ್ದು ಇಲ್ಲಿ" ಎಂದು ಒಂದು ಸಾಲು ಓದಿದರೆ, ಆ ಪುಸ್ತಕ ಅವತ್ತೇ ಹೊರಡುತ್ತದೆ. ಎರವಲು ಕೌಂಟರನ್ನು ಕಾರ್ಯಕ್ರಮ ಮುಗಿದ ಮೇಲೆ ಅರ್ಧ ಗಂಟೆ ತೆರೆದಿಡುವುದನ್ನು ಮರೆಯಬೇಡಿ. ನಾವು ಮೊದಲ ಸಲ ಮುಚ್ಚಿಬಿಟ್ಟಿದ್ದೆವು.

11. ಆ ದಿನ

ಒಂದೂವರೆ ಗಂಟೆ ಮೊದಲು ಕಲಾವಿದರು ಒಳಗಿರಬೇಕು. ಬಾಗಿಲಲ್ಲೇ ಎದುರುಗೊಳ್ಳಲು ಒಬ್ಬರು, ಕೊನೆಯ ತನಕ ಅವರೇ. ಸೌಂಡ್ ಚೆಕ್ ಮಾಡುವಾಗ ನೀವು ಕೊನೆಯ ಸಾಲಿನಲ್ಲಿ ಕೂತು ಮಾತು ಸ್ಪಷ್ಟವೇ ಎಂದು ನೋಡಿ. ಸ್ಪೀಕರು ಮೈಕಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಮೈಕಿನ ಹಿಂದೆ, ಕಲಾವಿದರ ಕಡೆ ಇದ್ದರೆ ಸ್ಪೀಕರಿನ ಕೀಚಲು ಕೂಗು ಗ್ಯಾರಂಟಿ. ನೆಲದ ಮೇಲಿನ ವೈರುಗಳಿಗೆ ಉದ್ದಕ್ಕೂ ಟೇಪು ಹಾಕಿ. ಕುಡಿಯುವ ನೀರು ಕಲಾವಿದರ ಕೈಗೆ ಎಟುಕಬೇಕು, ವೈರಿನ ಹತ್ತಿರ ಇರಬಾರದು. ಸ್ಕ್ಯಾನರಿನ ಬೀಪ್ ನಿಲ್ಲಿಸಿ.

ಸ್ವಾಗತ ಭಾಷಣ ಎರಡು ನಿಮಿಷ, ಗಡಿಯಾರ ನೋಡಿ. ತುರ್ತು ಬಾಗಿಲು ಎಲ್ಲಿದೆ, ಫೋನು ಮೌನಕ್ಕೆ ಹಾಕಿ, ಪ್ರಶ್ನೆ ಕೊನೆಯಲ್ಲಿ, ಕಲಾವಿದರ ಬಗ್ಗೆ ಮೂರು ವಾಕ್ಯ, ಅಷ್ಟೇ. ಪ್ರಶ್ನೋತ್ತರಕ್ಕೆ ಮೊದಲ ಪ್ರಶ್ನೆ ನಿಮ್ಮ ಜೇಬಿನಲ್ಲಿರಲಿ, ಏಕೆಂದರೆ ಮೊದಲ ಕೈ ಏಳಲು ಹೊತ್ತು ಹಿಡಿಯುತ್ತದೆ. ಪ್ರಶ್ನೆಯ ಹೆಸರಿನಲ್ಲಿ ಭಾಷಣ ಶುರು ಮಾಡುವವರು ಎಲ್ಲ ಕಡೆ ಒಬ್ಬರಿರುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ಜಾಗ ನೋಡಿ, "ಒಳ್ಳೆಯ ಮಾತು, ಇದಕ್ಕೆ ಏನಂತೀರಿ?" ಎಂದು ಕಲಾವಿದರ ಕಡೆ ತಿರುಗಿಸಿಬಿಡಿ.

ಬರೀ ಏಳು ಜನ ಬಂದರೆ? ಬಂದಿದ್ದಾರೆ, ಒಮ್ಮೆ. ಹಿಂದಿನ ಕುರ್ಚಿಗಳನ್ನೆಲ್ಲ ಎತ್ತಿಟ್ಟು ಏಳೂ ಜನರನ್ನು ಸುತ್ತ ಕೂರಿಸಿದೆವು. ಡೋಲು ನುಡಿಸುವವರು ತಮ್ಮ ವಾದ್ಯವನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ಚರ್ಮದ ನಡುವೆ ಬಡಿದರೆ ಒಂದು ದನಿ, ಅಂಚಿಗೆ ಬಡಿದರೆ ಇನ್ನೊಂದು, ಯಾಕೆ ಎಂದು ತೋರಿಸಿದರು. ಅವತ್ತು ಬಂದವರಲ್ಲಿ ಒಬ್ಬ ಹುಡುಗ ಈಗಲೂ ನನ್ನ ಕೌಂಟರಿನ ಮೇಲೆ ತಾಳ ಹಾಕುತ್ತ ನಿಲ್ಲುತ್ತಾನೆ.

12. ಮಾರನೆಯ ದಿನ

ಕಲಾವಿದರಿಗೆ ಕೃತಜ್ಞತೆಯ ಪತ್ರ, ಜೊತೆಗೆ ಒಳ್ಳೆಯ ಒಂದೆರಡು ಫೋಟೋ. ಎಷ್ಟು ಜನ ಬಂದರು ಎಂಬುದರ ಜೊತೆಗೆ ಮೇಜಿನಿಂದ ಎಷ್ಟು ಪುಸ್ತಕ ಹೊರಟವು, ಯಾವ ಪ್ರಶ್ನೆಗಳು ಬಂದವು ಎಂದೂ ಬರೆದಿಡಿ. ಮುಂದಿನ ಸಲ ಮಂಡಳಿಯ ಮುಂದೆ ಇದು ಕೆಲಸಕ್ಕೆ ಬರುತ್ತದೆ. ಆಮೇಲೆ ಕಡತದಲ್ಲಿ ನಿಮಗಾಗಿ ಒಂದು ಪುಟ: ಏನು ತಪ್ಪಿತು, ಯಾವ ಸಾಮಾನು ಎಲ್ಲಿದೆ. ನೀವು ವರ್ಗವಾಗಿ ಹೋದ ಮೇಲೆ ಬರುವವರಿಗೂ ಅದು ಬೇಕು. ನಮ್ಮ ಕಡತದ ಮೊದಲ ಪುಟದ ಮೊದಲ ಸಾಲು ಹೀಗಿದೆ: "ಕೈ ಇಲ್ಲದ ಕುರ್ಚಿ, ಎರಡು. ಉಗ್ರಾಣದಲ್ಲಿ, ಹಳೆಯ ಪತ್ರಿಕೆಗಳ ಕಟ್ಟಿನ ಹಿಂದೆ. ಒಂದರ ಕಾಲು ಅಲ್ಲಾಡುತ್ತದೆ."